ಸೋರಿದ ಮಾಳಿಗೆ

ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂದದ್ದು 1990ರಲ್ಲಿ. ಬೆಟಗೇರಿಯ ನೆರೆಮನೆಯ ಟೀವಿಯಲ್ಲಿ ನಾವು ಅದನ್ನು ನೋಡಿದೆವು. ಮಾಳಿಗೆ ಸೋರುವ ಹಾಡು ಬಂದಾಗ ನಾವು ಮಕ್ಕಳೆಲ್ಲ 'ಇದು ನಮ್ಮ ಮನೀನ!' ಎಂದು ಬಿದ್ದು ಬಿದ್ದು ನಕ್ಕೆವು. ನಮ್ಮ ಕಡೆ ಮಾಳಿಗೆ ಎಂದರೆ ಮೇಲಂತಸ್ತಲ್ಲ, ಮಣ್ಣಿನ ಛಾವಣಿ. ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕದಿದ್ದರೆ ರಾತ್ರಿಯಿಡೀ ಪಾತ್ರೆ ಇಡಬೇಕು. ಅಬ್ಬಾ ಮಾತ್ರ ನಗಲಿಲ್ಲ. 'ಅದು ಬ್ಯಾರೆ ಮನೀ ಮಾತು' ಎಂದರು. ಶಿಶುನಾಳದ ಯಾವುದೋ ಮನೆ ಇರಬೇಕೆಂದುಕೊಂಡೆವು.

ಎಷ್ಟೋ ವರ್ಷಗಳ ಮೇಲೆ ಅಬ್ಬಾನಿಗೆ ಕೆಮ್ಮು ಹತ್ತಿತು. 'ಮುಂದಿನ ವಾರ ತೋರಿಸೋಣ' ಎನ್ನುತ್ತಲೇ ಎರಡು ಮಳೆಗಾಲ ಕಳೆದೆವು. ಮಾಳಿಗೆಗೆ ಮಾತ್ರ ತಪ್ಪದೆ ಮಣ್ಣು ಹಾಕಿಸಿದೆವು.

ಅಬ್ಬಾನ ಖಬರಿಗೆ ಮೂರು ಹಿಡಿ ಮಣ್ಣು ಹಾಕಿ ಬಂದ ವರ್ಷ, ಲಕ್ಷ್ಮೇಶ್ವರದ ನೆಂಟರ ಮನೆಯಲ್ಲಿ ಅದೇ ಚಿತ್ರ ಮತ್ತೆ ಕಂಡಿತು. ಸಿ. ಅಶ್ವಥ್ ಸಂಗೀತದ ಅದೇ ಹಾಡು. ಮನೆ ಎಂದರೆ ಈ ದೇಹ, ಸೋರುವುದು ಒಳಗಿದ್ದವರ ಎಚ್ಚರಗೇಡಿತನದಿಂದ ಎಂಬುದು ಆಗ ಹೊಳೆಯಿತು. 1889ರಲ್ಲಿ ತೀರಿಕೊಂಡ ಶರೀಫರು ನಮ್ಮ ಮನೆಯನ್ನೇ ನೋಡಿ ಹಾಡಿದಂತಿತ್ತು. ಪಕ್ಕದಲ್ಲಿ ಮಕ್ಕಳು ನಗುತ್ತಿದ್ದರು. ನಾವು ತಡೆಯಲಿಲ್ಲ. 'ಅದು ಬ್ಯಾರೆ ಮನೀ ಮಾತು' ಎಂದಷ್ಟೇ ಅಂದೆವು.