ಪಾಕ್ ನೀರು, ಸಾಫ್ ನೀರು

ನಮ್ಮ ಮೊಹಲ್ಲಾದ ಮಸೀದಿಯ ಹೊರಗೋಡೆಯಲ್ಲಿ ಆರು ನಲ್ಲಿಗಳಿವೆ. ಅವುಗಳ ಮೇಲೊಂದು ಕಲ್ಲು. ಊರಿನ ಹಿರಿಯರೊಬ್ಬರು ತೀರಿಕೊಂಡ ತಾಯಿಯ ಹೆಸರಿನಲ್ಲಿ ಕೊಳವೆಬಾವಿ ಕೊರೆಸಿ, ಹತ್ತು ಸಾವಿರ ಲೀಟರಿನ ಟ್ಯಾಂಕು ಕಟ್ಟಿಸಿದ ವಿವರ ಅದರಲ್ಲಿ ಉರ್ದುವಿನಲ್ಲಿದೆ. ಒಳಗಿನವರ ವಜೂವಿಗೂ ಹೊರಗಿನ ಎಂಬತ್ತು ಮನೆಗಳ ಕೊಡಗಳಿಗೂ ಅದೇ ನೀರು. ಕೋಲಾರದ ಕಡೆಯ ಬೇಸಿಗೆ ಕಂಡವರಿಗೆ ಆ ಕಲ್ಲಿನ ಬೆಲೆ ಗೊತ್ತು. ಆ ಹಿರಿಯರೂ ಈಗಿಲ್ಲ. ಕೊಟ್ಟವರು ಹೋದ ಮೇಲೂ ಪುಣ್ಯ ಹರಿಯುತ್ತಲೇ ಇರುವ ಇಂಥ ದಾನವನ್ನು ನಾವು ಸದಕಾ ಎ ಜಾರಿಯಾ ಎನ್ನುತ್ತೇವೆ.

ಆ ನೀರನ್ನು ಪರೀಕ್ಷೆ ಮಾಡಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಚಿಕ್ಕಂದಿನಲ್ಲಿ ಮದರಸಾದಲ್ಲಿ ಕಲಿತದ್ದು ನಮ್ಮ ತಲೆಯಲ್ಲಿತ್ತು: ಬಣ್ಣ, ರುಚಿ, ವಾಸನೆ ಕೆಡದ ನೀರು ಪಾಕ್. ವಜೂವಿಗೆ ಆ ಪಾಠ ಸರಿಯೇ. ಅದನ್ನು ಹೊಟ್ಟೆಗೂ ಅನ್ವಯಿಸಿಕೊಂಡವರು ನಾವು. ಉರ್ದುವಿನಲ್ಲಿ ಪಾಕ್ ಬೇರೆ, ಸಾಫ್ ಬೇರೆ. ಕನ್ನಡದಲ್ಲೂ ಮಡಿ ಬೇರೆ, ಸ್ವಚ್ಛ ಬೇರೆ. ಎರಡೂ ಭಾಷೆ ಓದಿಕೊಂಡಿದ್ದರೂ ಈ ವ್ಯತ್ಯಾಸ ನಮಗೆ ಹೊಳೆಯಲಿಲ್ಲ.

2022ರಲ್ಲಿ ರಾಯಚೂರು ನಗರದಲ್ಲಿ, ಮರುವರ್ಷ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ಸುದ್ದಿ ಓದಿದಾಗ ಎಲ್ಲರಂತೆ ನಾವೂ ಸರಕಾರವನ್ನು ಬೈದೆವು. ಕೆಲವೇ ತಿಂಗಳಲ್ಲಿ ನಮ್ಮ ಮದರಸಾದ ಹನ್ನೊಂದು ಮಕ್ಕಳು ಒಂದೇ ವಾರದಲ್ಲಿ ವಾಂತಿಭೇದಿಯಿಂದ ಮಲಗಿದರು. ದೇವರ ದಯೆ, ಎಲ್ಲರೂ ಎದ್ದರು. ಆದರೆ ಈ ಸಲ ಬೈಯಲು ಯಾರೂ ಸಿಗಲಿಲ್ಲ. ಬಾವಿ ನಮ್ಮದು, ಟ್ಯಾಂಕು ನಮ್ಮದು, ಬೀಗದ ಕೈ ನಮ್ಮ ಕಮಿಟಿಯದು.

ಪರೀಕ್ಷೆಗೆಂದು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ನೀರು ತುಂಬಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೋದೆವು. ಪ್ರಯೋಗಾಲಯದ ಹುಡುಗಿ ನಕ್ಕು ವಾಪಸ್ಸು ಕಳಿಸಿದಳು. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಕ್ರಿಮಿಶುದ್ಧ ಬಾಟಲಿ ಬೇಕು, ಮಂಜುಗಡ್ಡೆಯಲ್ಲಿಟ್ಟು ಕೆಲವೇ ಗಂಟೆಗಳಲ್ಲಿ ತಲುಪಿಸಬೇಕು. ಎರಡನೆಯ ಸಲ ಐಸ್‌ಕ್ರೀಂ ಮಾರುವವನ ಡಬ್ಬ ಎರವಲು ತಂದು ಹಾಗೆಯೇ ಮಾಡಿದೆವು.

ವರದಿ ಇಂಗ್ಲಿಷಿನಲ್ಲಿತ್ತು. ನಮ್ಮ ಜಿಲ್ಲೆಗೆ ಫ್ಲೋರೈಡಿನ ಹೆಸರಿದೆಯಲ್ಲ, ನಾವು ಮೊದಲು ಹುಡುಕಿದ್ದು ಅದನ್ನೇ. 1.3 ಇತ್ತು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅಲ್ಲಿಗೆ ಉಸಿರು ಬಿಟ್ಟೆವು. ಕೆಳಗಿನ ಸಾಲಿನಲ್ಲಿ ನೈಟ್ರೇಟ್ 78, ಇರಬೇಕಾದದ್ದು 45ರೊಳಗೆ. ಅದರ ಕೆಳಗೆ ಕೋಲಿಫಾರಂ. 100 ಮಿಲಿಲೀಟರಿನಲ್ಲಿ ಒಂದೂ ಇರಬಾರದ ಆ ರೋಗಾಣು ಸೂಚಕಗಳು ನಮ್ಮ ನೀರಿನಲ್ಲಿದ್ದವು. ಬಾವಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಮಸೀದಿಯ ಪಾಯಖಾನೆಯ ಗುಂಡಿಯಿದೆ. ಅದನ್ನು ತೋಡಿಸಿದವರೂ ನಾವೇ.

ಕುದಿಸಿದರೆ ಆಯಿತಲ್ಲ ಅಂದರು ಕೆಲವರು. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ಆ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಎಳೆಗೂಸಿನ ರಕ್ತಕ್ಕೆ ಪ್ರಾಣವಾಯು ಹೊರುವ ಶಕ್ತಿ ಕುಗ್ಗಿ ಮೈ ನೀಲಿಗಟ್ಟಬಹುದು. ಕ್ಲೋರಿನ್ನಿಗೂ ನೈಟ್ರೇಟ್ ಜಗ್ಗುವುದಿಲ್ಲ. ಹಾಗಾಗಿ ಕುಡಿಯಲು ಬಸ್‌ ಸ್ಟ್ಯಾಂಡಿನ ಹತ್ತಿರದ ಶುದ್ಧ ನೀರಿನ ಘಟಕದಿಂದ ಕ್ಯಾನು ತರುವುದು, ನಮ್ಮ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿ ಉಳಿದ ಕೆಲಸಕ್ಕೆ ಬಳಸುವುದು, ನಲ್ಲಿಗಳ ಮೇಲೆ ಬೋರ್ಡು ಹಾಕುವುದು ಎಂದು ತೀರ್ಮಾನವಾಯಿತು.

ಬೋರ್ಡಿನ ಮಾತು ಬಂದದ್ದೇ ಜಗಳ ಶುರುವಾಯಿತು. ತಾಯಿಯ ಹೆಸರಿನ ಕಲ್ಲಿನ ಪಕ್ಕದಲ್ಲೇ 'ಕುಡಿಯಲು ಯೋಗ್ಯವಲ್ಲ' ಎಂದು ಬರೆಯುವುದೆ? ದಾನಿಯ ಮನೆಯವರು ಎರಡು ಶುಕ್ರವಾರ ಬೇರೆ ಮಸೀದಿಗೆ ಹೋದರು. ಬರೆಯುವ ಕೆಲಸ ನಮ್ಮ ಪಾಲಿಗೇ ಬಂತು. ಹತ್ತು ಕತೆ ಬರೆಯಬಹುದಿತ್ತು, ಆ ಎರಡು ಸಾಲು ಕಷ್ಟವಾಯಿತು. ಕೊನೆಗೆ ಎರಡೂ ಭಾಷೆಯಲ್ಲಿ ಹೀಗೆ ಬರೆದೆವು: 'ಈ ನೀರು ಪಾಕ್ ಇದೆ. ವಜೂ ಮಾಡಿ, ಪಾತ್ರೆ ತೊಳೆಯಿರಿ. ಕುಡಿಯಬೇಡಿ.' ದಾನಿಯ ಹಿರಿಯ ಮಗ ಓದಿದರು, ಏನೂ ಅನ್ನಲಿಲ್ಲ. ಮರುವಾರ ಮದರಸಾಕ್ಕೆ ದಿನಕ್ಕೆ ನಾಲ್ಕು ಕ್ಯಾನು ಅವರ ಅಂಗಡಿಯಿಂದ ಬರತೊಡಗಿತು.

ಬೋರ್ಡು ಹಾಕಿದರೂ ಮಕ್ಕಳು ಬೊಗಸೆಯೊಡ್ಡುವುದು ಬಿಡುತ್ತಾರೆಯೆ? ಅದಕ್ಕೇ ಬ್ಲೀಚಿಂಗ್ ಪುಡಿ ತಪ್ಪಬಾರದು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಮಾನ್ಯ ಲೆಕ್ಕ. ಹಾಕಿ ಅರ್ಧ ಗಂಟೆಯಾದರೂ ಬಿಡಬೇಕು. ಆಮೇಲೆ ಕೊನೆಯ ನಲ್ಲಿಯ ನೀರಿಗೆ ದ್ರಾವಣದ ಹನಿ ಹಾಕಿ, ಹಳದಿ ಬಣ್ಣ ನೋಡಿ, ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೆಂದು ಪುಸ್ತಕದಲ್ಲಿ ಬರೆಯಬೇಕು. ಹತ್ತನೆಯ ತರಗತಿಯ ಹುಡುಗನೊಬ್ಬನಿಗೆ ಕಲಿಸಿದೆವು. ಪ್ರತಿ ಶುಕ್ರವಾರ ಕಮಿಟಿಯವರು ಸಹಿ ಹಾಕುತ್ತಿದ್ದೆವು. ಪುಸ್ತಕ ನೋಡಿದ ಆರೋಗ್ಯ ಇಲಾಖೆಯ ಕಾರ್ಯಕರ್ತೆಯೊಬ್ಬರು ಮೆಚ್ಚಿದರು. ನಮಗೆ ಜಂಬ ಬಂತು.

ರಂಜಾನಿನ ನಂತರ ಒಂದು ದಿನ ಪುಟ ತಿರುವುತ್ತಿದ್ದಾಗ ಐದು ವಾರಗಳ ಅಂಕಿ ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ ಕಂಡಿತು. 0.2, 0.2, 0.2. ಕಪಾಟಿನಲ್ಲಿದ್ದ ದ್ರಾವಣದ ಬಾಟಲಿ ಒಣಗಿತ್ತು. ಬ್ಲೀಚಿಂಗ್ ಪುಡಿಯ ಚೀಲದ ಬಾಯಿ ತೆರೆದೇ ಇದ್ದು, ಪುಡಿ ತೇವ ಹಿಡಿದು ಹೆಂಟೆಯಾಗಿತ್ತು. ಹುಡುಗ ಪರೀಕ್ಷೆ ಮುಗಿಸಿ ಎಂದೋ ಸೋದರತ್ತೆಯ ಊರಿಗೆ ಹೋಗಿದ್ದ. ಅವನು ಹೋದ ಮೇಲೆ ಅಂಕಿ ಬರೆದವರು ಯಾರೆಂದು ನಾವು ಕೇಳಲಿಲ್ಲ. ಕೇಳುವುದು ಹೇಗೆ? ಐದೂ ವಾರ ಅದರ ಕೆಳಗೆ ನಮ್ಮ ಸಹಿ ಇತ್ತು.

ಹೊಸ ಪುಡಿ, ಹೊಸ ಬಾಟಲಿ ತಂದೆವು. ಪುಡಿ ಹಾಕುವ ಮೊದಲು ನಲ್ಲಿಯ ನೀರನ್ನು ಇದ್ದ ಹಾಗೇ ಒಮ್ಮೆ ನೋಡೋಣ ಎಂದರು ಮುತವಲ್ಲಿ ಸಾಹೇಬರು. ಐದು ಹನಿ ಹಾಕಿ ಕೊಳವೆಯನ್ನು ಬೆಳಕಿಗೆ ಹಿಡಿದೆವು. ಹಳದಿಯ ಸುಳಿವೂ ಇರಲಿಲ್ಲ. ಪುಸ್ತಕದಲ್ಲಿ ತಾರೀಖು ಹಾಕಿ, ಎದುರಿಗೆ ಸೊನ್ನೆ ಬರೆದೆವು.