ಅಮ್ಮನ ಹಾಡಿನ ಕೊಕ್ಕೆ

ನಮ್ಮಮ್ಮ ಗಡಿಯಾರ ನೋಡಿ ಅಡುಗೆ ಮಾಡಿದವಳೇ ಅಲ್ಲ. ಅವಳ ಲೆಕ್ಕವೆಲ್ಲ ಹಾಡಿನಲ್ಲಿ. ಒಂದು ಹಾಡಿಗೆ ಎರಡು ತೆಳ್ಳೇವು. ಇದು ಹೊಸನಗರದ ನಮ್ಮ ಹಳ್ಳಿಮನೆಯ ಬೆಳಗಿನ ಕಾನೂನು. ಹಾಡೂ ಯಾವಾಗಲೂ ಒಂದೇ. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’.

ಆ ಹಾಡಿನ ಮೇಲೆ ಅವಳಿಗೆ ಅಷ್ಟು ಪ್ರೀತಿ ಏಕೆಂದರೆ, ಅದರ ಮೊದಲ ಚರಣದಲ್ಲೇ ಜೋಗವಿದೆ, ತುಂಗೆಯಿದೆ, ಸಹ್ಯಾದ್ರಿಯಿದೆ. ಅಮ್ಮನ ತವರು ತೀರ್ಥಹಳ್ಳಿ, ತುಂಗೆಯ ದಂಡೆ. ಕೊಟ್ಟದ್ದು ಹೊಸನಗರಕ್ಕೆ. ಈಗ ಸಾಗರದಲ್ಲಿ ನಮ್ಮ ಜತೆ ಇದ್ದಾಳೆ. ಶರಾವತಿಯೂ ಹಾಗೇ ಅಲ್ಲವೇ? ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ತಾಲ್ಲೂಕು ಹಾದು, ಸಾಗರ ತಾಲ್ಲೂಕಿನ ಜೋಗದಲ್ಲಿ ಧುಮುಕುತ್ತಾಳೆ. “ನದಿಗೂ ನಂಗೂ ಒಂದೇ ದಾರಿ” ಎಂದು ಅಮ್ಮ ನಗುತ್ತಿದ್ದಳು.

1983ರಲ್ಲಿ ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪ ಶಿವಮೊಗ್ಗದಿಂದ ಒಂದು ಟೂ-ಇನ್-ಒನ್ ತಂದರು. ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಎರಡೂ ಒಂದರಲ್ಲೇ. ಮೈಸೂರು ಅನಂತಸ್ವಾಮಿ ಅವರ ರಾಗಸಂಯೋಜನೆಯ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲೇ ಬಂದಿತ್ತು. ಆದರೆ ನಮ್ಮ ಮನೆಯವರು ದುಡ್ಡು ಕೊಟ್ಟು ಹಾಡು ಕೊಳ್ಳುವ ಪೈಕಿಯಲ್ಲ. ಭದ್ರಾವತಿ ಆಕಾಶವಾಣಿಯಲ್ಲಿ ಅದು ಬರುವ ದಿನ ಕಾದು, ಎರಡು ಗುಂಡಿ ಒಟ್ಟಿಗೆ ಒತ್ತಿ, ಅಪ್ಪ ಅದನ್ನು ಖಾಲಿ ಟೇಪಿನಲ್ಲಿ ಹಿಡಿದರು. ಅವತ್ತಿನಿಂದ ಅಡುಗೆಮನೆ ಕಿಟಕಿಯಲ್ಲಿ ಆ ಹಾಡು ದಿನವೂ ಓಡಿತು. ಟೂ-ಇನ್-ಒನ್ ಕೆಟ್ಟು ಅಟ್ಟ ಸೇರಿದ ಮೇಲೆ ಅಮ್ಮನ ಬಾಯಲ್ಲಿ ಓಡಿತು.

ಎರಡು ವರ್ಷದ ಹಿಂದೆ ಅಮ್ಮನಿಗೆ ಮರೆವು ಶುರುವಾಯಿತು. ಕನ್ನಡಕ ಅಕ್ಕಿಡಬ್ಬಿಯಲ್ಲಿ ಸಿಗುತ್ತಿತ್ತು. ಊಟ ಮಾಡಿ ಕೈ ತೊಳೆದು ಬಂದು, “ಊಟಕ್ಕೆ ಎಷ್ಟು ಹೊತ್ತು?” ಎನ್ನುತ್ತಿದ್ದಳು. ಅವಳನ್ನು ಸಾಗರಕ್ಕೆ ಕರೆತಂದೆವು. ಇಲ್ಲಿ ದಿನವೂ ಹತ್ತಿರದಿಂದ ಕೇಳುವಾಗ ಗೊತ್ತಾಯಿತು, ಹಾಡೂ ತಪ್ಪುತ್ತಿದೆ! ಎರಡನೇ ಚರಣದ ನಡುವೆ ಬಂದವಳು ಒಮ್ಮೆಲೇ ಮೂರನೇ ಚರಣದ ನಡುವಿಗೆ ಹಾರುತ್ತಿದ್ದಳು. ಅದೂ ಅರ್ಧ ಮಾತಿನಿಂದ ಅರ್ಧ ಮಾತಿಗೆ. ಹಾರುವ ಜಾಗದಲ್ಲಿ ಸ್ವರ ಮೇಲಕ್ಕೆ ಹೋಗಿ ಕೆಳಗಿಳಿಯುವ ಒಂದು ವಿಚಿತ್ರ ಕೊಕ್ಕೆ ಬೇರೆ.

“ಹಾಗಲ್ಲಮ್ಮ, ನಡುವೆ ಬಿಟ್ಟೆ ನೋಡು” ಎಂದು ನಾನು ತಿದ್ದಿದೆ. ಮೊಬೈಲಿನಲ್ಲಿ ಪೂರ್ತಿ ಹಾಡು ಹಾಕಿ ಕೇಳಿಸಿದೆ. ಅಮ್ಮ ಜತೆಗೇ ಹಾಡುತ್ತಾ ಬಂದು, ಆ ಜಾಗದಲ್ಲಿ ಎಡವಿ ನಿಂತಳು. “ಇದಲ್ಲ” ಎಂದಳು. “ಇದೇ ಅಮ್ಮ ಸರಿಯಾದ್ದು” ಎಂದೆ. ಹೀಗೆ ನಾಲ್ಕೈದು ಸಲ ಆಯಿತು. ಆಮೇಲೆ ಅಮ್ಮ ಹಾಡುವುದನ್ನೇ ಬಿಟ್ಟಳು. ಬೆಳಿಗ್ಗೆ ಎದ್ದು ಕಿಟಕಿ ಹತ್ತಿರ ಸುಮ್ಮನೆ ಕೂರುತ್ತಿದ್ದಳು. ಎರಡು ತಿಂಗಳು ನಮ್ಮ ಮನೆಯಲ್ಲಿ ತೆಳ್ಳೇವು ಸದ್ದಿಲ್ಲದೆ ಬೆಂದಿತು.

ಒಂಬತ್ತನೇ ತರಗತಿಯ ನನ್ನ ಮಗಳು ಒಂದು ದಿನ ಕೇಳಿದಳು, “ಅಪ್ಪಾ, ಅಜ್ಜಿ ತಪ್ಪು ಹಾಡ್ತಿದ್ದರೆ ದಿನಕ್ಕೊಂದು ತರಹ ತಪ್ಪಬೇಕಲ್ಲ? ದಿನಾ ಒಂದೇ ಜಾಗದಲ್ಲಿ ಯಾಕೆ ತಪ್ತಾರೆ?”

ನನ್ನಲ್ಲಿ ಉತ್ತರ ಇರಲಿಲ್ಲ. ಹೊಸನಗರಕ್ಕೆ ಹೋದಾಗ ಅಟ್ಟ ಹತ್ತಿ ಆ ಕ್ಯಾಸೆಟ್ ಹುಡುಕಿದೆವು. ಸಿಕ್ಕಿತು. ಆದರೆ ನಮ್ಮ ಮಳೆಗಾಲ ಗೊತ್ತಲ್ಲ! ಟೇಪಿನ ತುಂಬ ಬಿಳಿ ಬೂಷ್ಟು. ಪೆನ್ಸಿಲ್ ತೂರಿಸಿ ಸುತ್ತಲು ನೋಡಿದರೆ ಅಂಟಿಕೊಂಡು ತುಂಡಾಯಿತು.

ಮಗಳು ಸೋಲಲಿಲ್ಲ. ಹಾಡುಗಳನ್ನು ಹೀಗೆ ಕತ್ತರಿಸುವುದು ಹೊಸದೇನಲ್ಲ ಎಂದು ನನಗೇ ಪಾಠ ಹೇಳಿದಳು. ಹತ್ತು ಇಂಚಿನ ಹಳೆಯ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದೇ ಸುಮಾರು 3 ನಿಮಿಷ. ಮುಂದೆ ದೊಡ್ಡ ಪ್ಲೇಟು ಬಂದರೂ ರೇಡಿಯೋದವರಿಗೆ ಚಿಕ್ಕ ಹಾಡೇ ಬೇಕಿತ್ತು. ಅಮೆರಿಕದ ‘ದಿ ಡೋರ್ಸ್’ ತಂಡದ ‘ಲೈಟ್ ಮೈ ಫೈರ್’ 1967ರ ದೊಡ್ಡ ಪ್ಲೇಟಿನಲ್ಲಿ ಹೆಚ್ಚುಕಡಿಮೆ 7 ನಿಮಿಷ. ನಡುವಿನ ವಾದ್ಯಸಂಗೀತ ಕತ್ತರಿಸಿ ಚಿಕ್ಕ ಪ್ಲೇಟಿಗೆ 3 ನಿಮಿಷದೊಳಗೆ ಇಳಿಸಿದರು. ಅಂಥ ಚಿಕ್ಕ ರೂಪವನ್ನೇ ಕೇಳಿ ಬೆಳೆದವರು ಈಗ ಕಂಪ್ಯೂಟರಿನಲ್ಲಿ ಪೂರ್ತಿ ಹಾಡು ಇಟ್ಟುಕೊಂಡು, ಎಲ್ಲಿ ಕತ್ತರಿ ಬಿದ್ದಿತ್ತು ಎಂದು ಪತ್ತೆ ಹಚ್ಚಿ ಮತ್ತೆ ಹಾಗೇ ಜೋಡಿಸುತ್ತಾರಂತೆ.

ನನಗೆ ನಮ್ಮ ಯಕ್ಷಗಾನ ನೆನಪಾಯಿತು. ಬೆಳಗಿನವರೆಗೆ ಆಡುತ್ತಿದ್ದ ಪ್ರಸಂಗ ಈಗ ಕಾಲಮಿತಿಯಲ್ಲಿ ಮೂರು ತಾಸಿಗೆ ಮುಗಿಯುತ್ತದೆ. ಮಗಳಿಗೆ ನೆನಪಾದದ್ದು ಶಾಲೆಯ ನಾಡಗೀತೆ. ನಮ್ಮ ಕುಪ್ಪಳಿಯ ಕುವೆಂಪು ಅವರ ಆ ಗೀತೆಯನ್ನು ಅನಂತಸ್ವಾಮಿ ಅವರ ಧಾಟಿಯಲ್ಲಿ, ಆಲಾಪ ಮತ್ತು ಪುನರಾವರ್ತನೆ ಇಲ್ಲದೆ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರದ ಆದೇಶವಾಯಿತು. ಹಾಡು ಚಿಕ್ಕದಾಯಿತು, ಆದರೆ ಮಾತಿಗೆ ಕತ್ತರಿ ಬೀಳಲಿಲ್ಲ. ಅಮ್ಮನ ಹಾಡಿನಲ್ಲಿ ಬಿದ್ದದ್ದು ಮಾತಿಗೇ. ಬಲ್ಲವರು ಹೀಗೆ ಕತ್ತರಿಸುವುದಿಲ್ಲ.

ಹಿಂದಿನ ದೀಪಾವಳಿಯ ಗೋಪೂಜೆಯ ವಿಡಿಯೋ ಒಂದು ಮಗಳ ಮೊಬೈಲಿನಲ್ಲಿತ್ತು. ಹಸುವಿಗೆ ಆರತಿ ನಡೆಯುವಾಗ ಹಿಂದೆಲ್ಲೋ ಅಮ್ಮ ಹಾಡುತ್ತಿದ್ದಾಳೆ. ಅದೇ ನಮ್ಮ ನಕ್ಷೆ. ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಮೇಲೆ ಪೂರ್ತಿ ಹಾಡು, ಕೆಳಗೆ ಅಮ್ಮನ ದನಿ ಇಟ್ಟು ಕೂತೆವು. ಅಮ್ಮ ಎಲ್ಲಿ ಬಿಟ್ಟಳೋ ಅಲ್ಲಿ ಕತ್ತರಿ. ಎಲ್ಲಿ ಹಿಡಿದಳೋ ಅಲ್ಲಿ ಇನ್ನೊಂದು ಕತ್ತರಿ. ಜೋಡಿಸಿದಾಗ ತಾಳ ಎಡವುತ್ತಿತ್ತು. ನಾನು ಜಾಣತನ ತೋರಿಸಿ, ಕತ್ತರಿಯನ್ನು ತಾಳದ ಪೆಟ್ಟಿಗೆ ಸರಿಸಿ, ಒಂದರ ಬಾಲದ ಮೇಲೆ ಇನ್ನೊಂದರ ತಲೆ ನಯವಾಗಿ ಕೂರುವಂತೆ ಮಾಡಿದೆ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಇತ್ತು.

ಅಮ್ಮನಿಗೆ ಕೇಳಿಸಿದೆವು. ಹಾಡಿದಳು. ಆ ಜಾಗ ಬಂತು. ನಿಂತಳು. “ಇದೂ ಅಲ್ಲ.”

“ಅಪ್ಪಾ, ನೀವು ಮತ್ತೆ ತಿದ್ದಿದ್ರಿ” ಎಂದಳು ಮಗಳು.

ಆ ಮಾತು ನನಗೆ ನಾಟಿತು. ರಾತ್ರಿ ಅಮ್ಮನ ಕೊಕ್ಕೆಯನ್ನೇ ಹತ್ತಾರು ಸಲ ಕೇಳಿದೆ. ತಟ್ಟನೆ ಹೊಳೆಯಿತು, ಅದು ಅಮ್ಮನ ಗಮಕವಲ್ಲ, ಟೇಪಿನದು! ಮಕ್ಕಳೇ, ನೀವು ಕ್ಯಾಸೆಟ್ ನೋಡಿರಲಿಕ್ಕಿಲ್ಲ. ಅದರ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ರೆಕಾರ್ಡ್ ಆಗುವಾಗ ಪಾಸ್ ಗುಂಡಿ ಒತ್ತಿದರೆ ಟೇಪು ನಿಲ್ಲುತ್ತದೆ, ರೇಡಿಯೋದಲ್ಲಿ ಹಾಡು ಮುಂದೆ ಹೋಗುತ್ತಿರುತ್ತದೆ. ಗುಂಡಿ ಬಿಟ್ಟಾಗ ಟೇಪು ಪೂರ್ಣ ವೇಗಕ್ಕೆ ಬರಲು ಒಂದು ಕ್ಷಣ ಬೇಕು. ಹಾಗೆ ನಿಧಾನದಲ್ಲಿ ಅಚ್ಚಾದ ಸ್ವರವನ್ನು ಆಮೇಲೆ ಸರಿಯಾದ ವೇಗದಲ್ಲಿ ಓಡಿಸಿದರೆ, ಅದು ಶ್ರುತಿ ಏರಿ ‘ಕುಂಯ್’ ಎಂದು ಕೇಳಿ ಕೆಳಗಿಳಿಯುತ್ತದೆ. ಟೇಪಿನ ಮೇಲೆ ಅದು ಒಂದು ಸೆಂಟಿಮೀಟರ್ ಇದ್ದೀತು, ಅಷ್ಟೇ. ಅದನ್ನೂ ಅಮ್ಮ ನಲವತ್ತು ವರ್ಷ ನೆನಪಿಟ್ಟುಕೊಂಡಿದ್ದಳು. ನಾವು ಮರೆವು ಎಂದುಕೊಂಡದ್ದು ಅವಳ ನೆನಪಾಗಿತ್ತು.

ಮರುದಿನ ಮಗಳು ನನ್ನ ನಯವನ್ನೆಲ್ಲ ಅಳಿಸಿದಳು. ಅಮ್ಮ ಬಿಟ್ಟಲ್ಲೇ ಬಿಟ್ಟು, ಹಿಡಿದಲ್ಲೇ ಹಿಡಿದು, ಜೋಡಣೆಯಲ್ಲಿ ಆ ‘ಕುಂಯ್’ ಕೂಡ ಸೇರಿಸಿದಳು. ಕಾವಲಿ ಬಿಸಿಯಾಗುವ ಹೊತ್ತಿಗೆ ಅಡುಗೆಮನೆ ಕಿಟಕಿಯಲ್ಲಿ ಮೊಬೈಲ್ ಇಟ್ಟು ಹಾಡು ಹಚ್ಚಿದೆವು.

ಅಮ್ಮ ಎದ್ದು ಬಂದಳು. ಮೊದಲ ಚರಣಕ್ಕೆ ತುಟಿ ಅಲ್ಲಾಡಿತು. ಎರಡನೆಯದಕ್ಕೆ ದನಿ ಬಂತು. ಆ ಜಾಗ ಹತ್ತಿರವಾದಾಗ ನಾನೂ ಮಗಳೂ ಉಸಿರು ಬಿಗಿಹಿಡಿದೆವು. ಹಾಡು ಹಾರಿತು, ಅಮ್ಮನೂ ಹಾರಿದಳು, ಕೊಕ್ಕೆ ಸಮೇತ. ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಕಣ್ಣೊರೆಸಿಕೊಂಡಳು.

ಹಾಡು ಮುಗಿದ ಮೇಲೆ ಮಗಳು ಕೇಳಿದಳು, “ಅಜ್ಜಿ, ಅವತ್ತು ಅಜ್ಜ ಯಾಕೆ ಪಾಸ್ ಒತ್ತಿದ್ದು?”

ಅಮ್ಮ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಹಳೆಯ ತುಂಟತನ. “ಅವರೆಲ್ಲಿ ಒತ್ತಿದ್ರು? ಈ ಮಾಣಿ! ಗುಂಡಿ ಎಂತಕ್ಕೆ ಅಂತ ನೋಡಲಿಕ್ಕೆ ಹೋಗಿ ಒತ್ತಿದ್ದು. ಅವರು ನೋಡಿ ಬಿಡಿಸೋ ಹೊತ್ತಿಗೆ ಹಾಡು ಅಷ್ಟು ದೂರ ಹೋಗಿತ್ತು. ಬೆನ್ನಿಗೆ ಎರಡು ಬಿತ್ತು ಇವನಿಗೆ. ಕೂಗಿ ಕೂಗಿ ಅಡಿಕೆ ಚಪ್ಪರದ ಅಡಿಗೆ ಹೋಗಿ ಕೂತಿದ್ದ.”

ನನಗೆ ಆಗ ಒಂಬತ್ತು ವರ್ಷವಿರಬೇಕು. ಒಂದಿಷ್ಟೂ ನೆನಪಿಲ್ಲ.

“ನಿಂಗೆ ಮರೆತುಹೋಯ್ತನಾ?” ಎಂದು ಅಮ್ಮ ನನ್ನ ತಲೆ ಸವರಿದಳು. “ವಯಸ್ಸಾತು, ಬಿಡು.”

ಸ್ವಲ್ಪ ಹೊತ್ತಿಗೆ ಅಮ್ಮ ಮತ್ತೆ ಕನ್ನಡಕ ಹುಡುಕತೊಡಗಿದಳು. ಅದು ಅಕ್ಕಿಡಬ್ಬಿಯಲ್ಲಿತ್ತು. ತೆಗೆದು ಕೊಟ್ಟೆ. ಒಂದು ಮಾತೂ ತಿದ್ದಲಿಲ್ಲ.