ಇನ್ನು ಹೋಗುವುದಿಲ್ಲ

ಅಮೆರಿಕಕ್ಕೆ ಹೋದವರು ಊರಿಗೆ ಮರಳಬೇಕೋ ಬೇಡವೋ ಎಂದು ವರ್ಷಗಟ್ಟಲೆ ಯೋಚಿಸುವುದನ್ನು ಕೇಳಿದ್ದೇನೆ. ಗಲ್ಫಿಗೆ ಹೋದ ನಮಗೆ ಆ ಯೋಚನೆಗೆ ಎಡೆಯೇ ಇರಲಿಲ್ಲ. ಮರಳುವುದು ಹೊರಟ ದಿನವೇ ಪಾಸ್‌ಪೋರ್ಟಿನಲ್ಲಿ ಬರೆದಿರುತ್ತಿತ್ತು. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಒಮ್ಮೆ ವೀಸಾ ಹೊಸದು ಮಾಡಬೇಕು, ಅದೂ ಕಂಪನಿಗೆ ನಾವು ಬೇಕಾಗಿದ್ದರೆ ಮಾತ್ರ. ಅಲ್ಲೇ ತಲೆ ನರೆತರೂ ಸಾಮಾನ್ಯ ನೌಕರನಿಗೆ ಪೌರತ್ವ ಸಿಗುವುದಿಲ್ಲ. ಕೆಲಸ ಮುಗಿಯಿತೆಂದರೆ ವಾಸವೂ ಮುಗಿಯಿತು. ಮಂಗಳೂರಿನಿಂದ ಭಟ್ಕಳದ ತನಕ ಕರಾವಳಿಯ ಸಾವಿರಾರು ಮನೆಗಳಿಗೆ ಇದು ಗೊತ್ತಿರುವ ಸಂಗತಿಯೇ. ಆದರೂ ಹೋಗುವುದಕ್ಕೆ ಆಗುವ ತಯಾರಿ ಬರುವುದಕ್ಕೆ ಆಗುವುದಿಲ್ಲ. ಹೋಗುವವನಿಗೆ ಅಕ್ಕನ ಬಳೆ ಅಡವಿಡುತ್ತಾರೆ, ಏಜೆಂಟನ ಕೈಕಾಲು ಹಿಡಿಯುತ್ತಾರೆ, ದೈವಕ್ಕೆ ಹರಕೆ ಹೇಳುತ್ತಾರೆ. ಬರುವವನನ್ನು ಕರೆತರಲು ಒಂದು ಬಾಡಿಗೆ ಕಾರು ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ, ಅಷ್ಟೇ.

ನಾನಿದ್ದದ್ದು ಶಾರ್ಜಾದಲ್ಲಿ. ಕಟ್ಟಡ ಸಾಮಗ್ರಿ ಮಾರುವ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ರೋಲಾದ ಹತ್ತಿರ ಹಂಚಿಕೊಂಡ ಕೋಣೆ, ಬೆಳಿಗ್ಗೆ ಖುಬ್ಬೂಸ್, ರಾತ್ರಿ ಸರದಿಯ ಅಡುಗೆ, ಶುಕ್ರವಾರ ಬಟ್ಟೆ ಒಗೆಯುವುದು. ಮನೆ ಬ್ರಹ್ಮಾವರದಿಂದ ಒಳಗೆ, ಸೀತಾನದಿಯ ಕಡೆಗೆ. ರಜೆ ಯಾವಾಗಲೂ ಏಪ್ರಿಲ್, ಮೇ ತಿಂಗಳಲ್ಲಿ. ನಮ್ಮ ಕೋಣೆಯ ಎಲ್ಲರೂ ಅದೇ ತಿಂಗಳುಗಳಿಗೆ ಜಗಳವಾಡಿಯಾದರೂ ರಜೆ ಬರೆಸುತ್ತಿದ್ದರು, ಏಕೆಂದರೆ ಮದುವೆ, ಗೃಹಪ್ರವೇಶ, ಕೋಲ, ಜಾತ್ರೆ, ಮಕ್ಕಳ ಶಾಲೆಯ ರಜೆ ಎಲ್ಲ ಕೂಡಿ ಬರುವುದು ಆಗಲೇ. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾಗುವ ತನಕ ಆ ರಜೆಯಲ್ಲೂ ಒಂದಿಷ್ಟು ದಿನ ಮುಂಬಯಿಯ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಉಳಿದ ದಿನಗಳಲ್ಲಿ ಮನೆ ತುಂಬ ನೆಂಟರು, ಅಂಗಳದಲ್ಲಿ ಚಪ್ಪರ, ಮರದಲ್ಲಿ ಹಲಸು. ಹಗ್ಗ ಬಿಗಿದು, ಮೇಲೆ ದಪ್ಪ ಪೆನ್ನಿನಲ್ಲಿ ಹೆಸರು ಬರೆದ ರಟ್ಟಿನ ಪೆಟ್ಟಿಗೆ ಬಿಚ್ಚುವಾಗ ಸುತ್ತ ಕೂರುವ ಮಕ್ಕಳು. ಮೇ ಕೊನೆಯಲ್ಲಿ ಪಡುವಣಕ್ಕೆ ಮೋಡ ಕಟ್ಟುವ ಹೊತ್ತಿಗೆ ನಾನು ಮತ್ತೆ ಶಾರ್ಜಾದಲ್ಲಿ. ವರ್ಷಾನುವರ್ಷ ನಾನು ಕಂಡದ್ದು ಹಬ್ಬದ ಬಟ್ಟೆ ಉಟ್ಟು ನಿಂತ ಊರನ್ನು.

ವೀಸಾ ಕ್ಯಾನ್ಸಲ್ ಆಗಿ ಬಂದದ್ದೂ ಮೇ ತಿಂಗಳಲ್ಲೇ. ಮೊದಲ ಕೆಲವು ವಾರ ಎಲ್ಲ ರಜೆಯ ಹಾಗೆಯೇ ಇತ್ತು. ದಿನವೂ ಕಾಣೆ ಮೀನೋ ಬಂಗುಡೆಯೋ. ಊಟದ ಹೊತ್ತಿಗೆ ನನಗೊಂದು ಕುರ್ಚಿ. ನಾನು ಏನು ಕೇಳಿದರೂ ಹೆಂಡತಿ ‘ನೀವು ಕೂತುಕೊಳ್ಳಿ’ ಎನ್ನುವಳು. ಆಮೇಲೆ ಜೂನ್ ಬಂತು. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕಡಲಿನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ತಾಜಾ ಮೀನಿನ ಜಾಗಕ್ಕೆ ಒಣಮೀನು ಬಂತು, ಉಪ್ಪಿನಲ್ಲಿಟ್ಟ ಹಲಸಿನ ತೊಳೆ ಬಂತು, ಕಣಿಲೆ ಬಂತು, ಕೆಸುವಿನ ಎಲೆಯ ಪತ್ರೊಡೆ ಬಂತು. ಇಪ್ಪತ್ತರ ಹರೆಯದಲ್ಲಿ ಬಿಟ್ಟುಹೋದ ಮಳೆಗಾಲದ ಅಡುಗೆಯನ್ನು ಐವತ್ತು ದಾಟಿದ ಮೇಲೆ ಮತ್ತೆ ಉಂಡೆ. ಅಮ್ಮ ಎದುರು ಕೂತು, ನಾನು ಉಣ್ಣುವುದನ್ನೇ ನೋಡುತ್ತ, ‘ಇದು ನಿನಗೆ ಕಳಿಸಲಿಕ್ಕೆ ಆಗುತ್ತಿರಲಿಲ್ಲ’ ಎಂದರು. ಹೌದು, ವರ್ಷಕ್ಕೊಮ್ಮೆ ಬರುವವರ ಕೈಯಲ್ಲಿ ಚಕ್ಕುಲಿ ಬರುತ್ತಿತ್ತು, ಹಪ್ಪಳ ಬರುತ್ತಿತ್ತು, ಮಾವಿನ ಮಿಡಿಯ ಉಪ್ಪಿನಕಾಯಿ ಬರುತ್ತಿತ್ತು. ಬಿಸಿ ಪತ್ರೊಡೆ ಯಾವ ಪೆಟ್ಟಿಗೆಯಲ್ಲಿ ಬಂದೀತು?

ಮಳೆ ಹಿಡಿದ ಮೇಲೆ ಮನೆಯೇ ಬೇರೆಯಾಯಿತು. ಅಟ್ಟದಲ್ಲಿಟ್ಟ ಸೂಟ್‌ಕೇಸುಗಳಿಗೆ ಬೂಷ್ಟು ಹಿಡಿಯಿತು. ಕರೆಂಟು ಹೋದರೆ ಮರುದಿನವೂ ಇಲ್ಲ. ತೋಡು ತುಂಬಿ ನೀರು ಅಂಗಳಕ್ಕೆ ತಿರುಗಿದ ಒಂದು ಬೆಳಗಿನ ಜಾವ ಹೆಂಡತಿ ತಲೆಗೆ ಪ್ಲಾಸ್ಟಿಕ್ ಹೊದ್ದು, ಹಾರೆ ಹಿಡಿದು ಹೊರಟಳು. ಎಲ್ಲಿ ಕಡಿದರೆ ನೀರು ಇಳಿಯುತ್ತದೆ ಎಂದು ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ. ಮನೆ ಕಟ್ಟಿಸಿದ್ದು ನನ್ನ ದುಡ್ಡು, ಪ್ರತಿ ಮಳೆಗಾಲದಲ್ಲೂ ಅದನ್ನು ನಿಲ್ಲಿಸಿಕೊಂಡದ್ದು ಅವಳು. ಆ ದಿನ ನಾನು ಇನ್ನೊಂದು ಹಾರೆ ತೆಗೆದುಕೊಂಡು ಅವಳ ಹಿಂದೆ ಹೋದೆ. ಅವಳು ತೋರಿಸಿದಲ್ಲಿ ಕಡಿದೆ. ನನ್ನ ಮರಳುವಿಕೆ ನಿಜವಾಗಿ ಶುರುವಾದದ್ದು ಆವತ್ತು ಎಂದೇ ನಾನು ತಿಳಿದಿದ್ದೇನೆ.

ಅಲ್ಲಿಂದ ಮುಂದೆ ಅವಳ ಜೊತೆ ಎಲ್ಲ ಕಡೆ ಹೋಗತೊಡಗಿದೆ. ತೆಂಗಿನಕಾಯಿ ಕೊಯ್ಯುವವನನ್ನು ಯಾವ ವಾರ ಕರೆದರೆ ಬರುತ್ತಾನೆ, ಲೈನ್‌ಮನ್‌ಗೆ ಯಾವ ಕಂಬದ ನಂಬರು ಹೇಳಬೇಕು, ಸೊಸೈಟಿಯಲ್ಲಿ ಎಂಒ-4 ಭತ್ತದ ಬೀಜ ಯಾವಾಗ ಬರುತ್ತದೆ, ನೇಜಿ ನೆಡಲು ಆಳು ಸಾಲದಿದ್ದರೆ ಯಾರ ಯಂತ್ರ ಸಿಗುತ್ತದೆ, ಅಮ್ಮನ ಮಾತ್ರೆಗಳಲ್ಲಿ ಯಾವುದು ಊಟಕ್ಕೆ ಮೊದಲು, ಇವೆಲ್ಲ ಅವಳ ತಲೆಯಲ್ಲಿದ್ದವು. ಫೋನಿನಲ್ಲಿ ಇವನ್ನು ಅವಳು ಹೇಳುತ್ತಿರಲಿಲ್ಲ. ಯುಎಇಯಲ್ಲಿ ವಾಟ್ಸಾಪ್ ಕರೆಗೆ ಅವಕಾಶವಿಲ್ಲ. ಬೋಟಿಮ್ ಆ್ಯಪಿನಲ್ಲಿ ಮಾತು ತುಂಡಾಗಿ ತುಂಡಾಗಿ ಬರುವಾಗ ಒಳ್ಳೆಯ ಸುದ್ದಿಯನ್ನಷ್ಟೇ ಹೇಳಿ ಮುಗಿಸುವುದು ಎಲ್ಲ ಮನೆಗಳ ರೂಢಿ. ಅದಕ್ಕೂ ಹಿಂದಿನವರ ಕಾಲದಲ್ಲಿ ಮನೆಯವರ ದನಿಯನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಅದರಲ್ಲೂ ಅಳುವ ಜಾಗ ಬಂದರೆ ಗುಂಡಿ ಒತ್ತಿ ನಿಲ್ಲಿಸಿ ಮತ್ತೆ ಶುರುಮಾಡುತ್ತಿದ್ದರಂತೆ. ಗಲ್ಫಿನ ಗಂಡಸರು ಮನೆಯನ್ನು ಸಾಕಿದರು ಎನ್ನುತ್ತೇವೆ. ಮನೆಯನ್ನು ನಡೆಸಿದ ಹೆಂಗಸರ ಬಗ್ಗೆ ಅದರ ಅರ್ಧದಷ್ಟೂ ಮಾತಾಡಿಲ್ಲ. ಹಾಗಾಗಿ ಹಿಂದಿರುಗಿದ ಗಂಡಸು ಬಂದ ಮರುದಿನವೇ ಯಜಮಾನಿಕೆ ಹಿಡಿಯಹೊರಡುವುದು ಅನ್ಯಾಯ. ಅವಳು ಇಷ್ಟು ವರ್ಷ ನಡೆಸಿದ ಮನೆಯಲ್ಲಿ ಅವನು ಹೊಸಬ. ಹೊಸಬನ ಹಾಗೆಯೇ ಕಲಿಯಬೇಕು.

ಹೊರಗೆ ದಾರಿಯಲ್ಲಿ ಸಿಕ್ಕವರ ಪ್ರಶ್ನೆ ಒಂದೇ. ‘ಹ್ವಾಯ್, ಯಾವಾಗ ಬಂದದ್ದ್? ಹೋಪುದ್ ಯಾವಾಗ?’ ಪ್ರೀತಿಯಿಂದಲೇ ಕೇಳುತ್ತಾರೆ. ‘ಇನ್ನು ಹೋಗುವುದಿಲ್ಲ’ ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಕೆಲಸ ಹೋಯಿತೋ, ಕಾಯಿಲೆಯೋ ಎಂಬ ಅನುಮಾನ ಕಣ್ಣಿನಲ್ಲಿ ಹಾದುಹೋಗುತ್ತದೆ. ನನಗಾದರೆ ವಯಸ್ಸಾಗಿತ್ತು, ಲೆಕ್ಕ ಚುಕ್ತಾ ಆಗಿತ್ತು. ಆದರೆ ನಡು ಹರೆಯದಲ್ಲಿ, ಸಾಲ ತೀರುವ ಮೊದಲೇ ಮರಳಿದ ಹುಡುಗರಿದ್ದಾರೆ. ಅವರು ಪೇಟೆಗೆ ಬರುವುದನ್ನೇ ಬಿಡುತ್ತಾರೆ. ಮದುವೆಯ ಊಟಕ್ಕೂ ಹೆಂಡತಿ ಮಕ್ಕಳನ್ನಷ್ಟೇ ಕಳಿಸುತ್ತಾರೆ. ಊರು ಅವರಿಗೆ ಮಾಡುತ್ತಿರುವ ನೋವು ಊರಿಗೆ ಗೊತ್ತೇ ಇಲ್ಲ.

ಮರಳಿದವನಿಗೆ ಮಾಡಲಿಕ್ಕಿರುವ ಇನ್ನೊಂದು ಕೆಲಸವಿದೆ. ಅದನ್ನು ಯಾರೂ ಹೇಳಿಕೊಡುವುದಿಲ್ಲ. ನಾವಿಲ್ಲದಾಗ ತೀರಿಕೊಂಡವರ ಮನೆಗಳಿಗೆ ಹೋಗಿ ಬರುವುದು. ಪರದೇಶದಲ್ಲಿದ್ದವನಿಗೆ ಸಾವು ಫೋನಿನಲ್ಲಿ ಬರುತ್ತದೆ. ಟಿಕೆಟ್ ಸಿಕ್ಕಿ, ಕಂಪನಿಯವರು ಬಿಟ್ಟು, ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದು ಎಷ್ಟೋ ಸಲ ಹೊರಡುವುದೇ ಇಲ್ಲ. ರಜೆಯಲ್ಲಿ ಬಂದಾಗ ಮದುವೆಯ ಗಡಿಬಿಡಿಯಲ್ಲಿ ಸಾವಿನ ಮಾತು ಎತ್ತಲು ಸಂಕೋಚ. ಹೀಗೆ ವರ್ಷಗಳು ಸೇರಿಕೊಂಡು ಹೋಗುತ್ತವೆ. ನಾನು ಆಷಾಢದ ಮಳೆಯಲ್ಲಿ ಕೊಡೆ ಹಿಡಿದು ಒಂದೊಂದೇ ಮನೆಗೆ ಹೋದೆ. ನನಗೆ ಅಕ್ಷರ ಕಲಿಸಿದ ಮಾಸ್ಟ್ರು, ದೊಡ್ಡಮ್ಮ, ಗದ್ದೆಯಲ್ಲಿ ನನ್ನನ್ನು ಹೆಗಲಿಗೇರಿಸಿಕೊಂಡು ಹಳ್ಳ ದಾಟಿಸುತ್ತಿದ್ದ ಒಕ್ಕಲಿನ ಅಜ್ಜ, ಜೊತೆಗೆ ಕಬಡ್ಡಿ ಆಡಿದ ಗೆಳೆಯ. ಎಲ್ಲರೂ ಗೋಡೆಯ ಮೇಲಿನ ಫೋಟೋಗಳಾಗಿದ್ದರು. ‘ಇಷ್ಟು ವರ್ಷದ ಮೇಲೆ ಬಂದಿರಾ?’ ಎಂದು ಯಾರೂ ಕೇಳಲಿಲ್ಲ. ಚಾ ಮಾಡಿಕೊಟ್ಟರು. ಮಾಸ್ಟ್ರ ಮನೆಯಲ್ಲಿ ಅವರ ಹೆಂಡತಿ, ಕೊನೆಯ ದಿನಗಳಲ್ಲಿ ಅವರು ಉಣ್ಣುತ್ತಿದ್ದದ್ದು, ಉಣ್ಣದೆ ಬಿಟ್ಟದ್ದು, ಆಸ್ಪತ್ರೆಗೆ ಬೇಡವೆಂದು ಹಟ ಹಿಡಿದದ್ದು ಎಲ್ಲವನ್ನೂ ನಿಧಾನವಾಗಿ ಹೇಳಿದರು. ಸತ್ತ ಹೊಸತರಲ್ಲಿ ಬಂದವರಿಗೆ ಅದನ್ನೆಲ್ಲ ಹೇಳಲು ಅವರಿಗೆ ಸಮಯವಿರಲಿಲ್ಲವಂತೆ. ತಡವಾಗಿ ಹೋದವನಿಗೂ ಅಲ್ಲಿ ಒಂದು ಕೆಲಸವಿತ್ತು ಎನಿಸಿತು. ಊರಿನೊಂದಿಗಿನ ನನ್ನ ಲೆಕ್ಕ ಅಷ್ಟಿಷ್ಟಾದರೂ ಸರಿಹೋದದ್ದು ಆ ಮನೆಗಳಲ್ಲೇ.

ಎಲ್ಲರಿಗೂ ಇಂಥ ನಿಧಾನದ ಮರಳುವಿಕೆ ಒದಗುವುದಿಲ್ಲ. 1990ರ ಆಗಸ್ಟ್ 2ರಂದು ಇರಾಕಿ ಸೇನೆ ಕುವೈತಿಗೆ ನುಗ್ಗಿತು. ಅಲ್ಲಿದ್ದ ಒಂದು ಲಕ್ಷದ ಎಪ್ಪತ್ತು ಸಾವಿರದಷ್ಟು ಭಾರತೀಯರನ್ನು ಅಮ್ಮಾನಿನ ಮೂಲಕ ವಿಮಾನದಲ್ಲಿ ಕರೆತಂದರು. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಮಗ ಉಟ್ಟ ಬಟ್ಟೆಯಲ್ಲಿ ಬಂದು ಮುಟ್ಟಿದ. ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಿನಲ್ಲಿ ವಂದೇ ಭಾರತ್ ವಿಮಾನಗಳಲ್ಲಿ ಬಂದವರನ್ನು ಊರು ದೂರದಿಂದ ನೋಡಿತು. ಹದಿನಾಲ್ಕು ದಿನ ಬೇರೆ ಇರಿಸಿದ ಮೇಲೂ ಹತ್ತಿರ ಸೇರಿಸಲು ಹೆದರಿತು. ಆದರೆ ಆ ವರ್ಷಗಳಲ್ಲೇ ಒಂದು ಒಳ್ಳೆಯ ಕೆಲಸವೂ ಆಯಿತು. 2021ರಲ್ಲಿ ಉಡುಪಿಯ ಸುತ್ತ ಹಡಿಲು ಬಿದ್ದ ಗದ್ದೆಗಳನ್ನು ಮತ್ತೆ ಉಳುವ ಆಂದೋಲನ ನಡೆದು, ಎಷ್ಟೋ ವರ್ಷ ಕಳೆ ಬೆಳೆದಿದ್ದ ಬೈಲುಗಳಲ್ಲಿ ಭತ್ತದ ಪೈರು ಎದ್ದಿತು. ಆ ಗದ್ದೆಗಳು ಹಡಿಲು ಬಿದ್ದದ್ದಕ್ಕೆ ಮುಂಬಯಿಗೂ ಗಲ್ಫಿಗೂ ಹೋದ ನಮ್ಮ ಕೈಗಳೂ ಒಂದು ಕಾರಣ. ಮರಳಿದವರಿಗೆ ಮಾಡಲು ಕೆಲಸವಿಲ್ಲ ಎನ್ನುವ ಮಾತನ್ನು ಅದಕ್ಕೇ ನಾನು ಒಪ್ಪುವುದಿಲ್ಲ.

ದುಡ್ಡಿನ ಮಾತನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಕಣ್ಣೆದುರೇ ಹಲವರು ಸೋತಿದ್ದಾರೆ. ಯುಎಇಯಲ್ಲಿ ಕೆಲಸ ಬಿಡುವಾಗ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ಆಮೇಲಿನ ವರ್ಷಗಳಿಗೆ 30 ದಿನದ ಸಂಬಳ ಗ್ರಾಚ್ಯುಟಿಯಾಗಿ ಸಿಗುತ್ತದೆ. ಅದು ಮೂಲ ವೇತನದ ಮೇಲಿನ ಲೆಕ್ಕ. ಭತ್ಯೆಗಳನ್ನು ಕೂಡಿಸಿ ಕನಸು ಕಂಡವರಿಗೆ ಕೈಗೆ ಬರುವಾಗ ಮೊತ್ತ ಸಣ್ಣದು. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಹತ್ತಿಸಿಕೊಂಡು ಬಂದ ಮೇಲೆ ಇಲ್ಲಿ ಹೊಸ ವಿಮೆ ಮಾಡಿಸಿದರೆ ಹಳೆಯ ಕಾಯಿಲೆಗಳಿಗೆ ಕೆಲವು ವರ್ಷ ಕಾಯಬೇಕು. ಊರಲ್ಲೇ ನೆಲೆಸಲು ಬಂದ ಮೇಲೆ ಅನಿವಾಸಿಗಳ ಎನ್‌ಆರ್‌ಇ ಖಾತೆಯನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಬದಲಾಯಿಸಿಕೊಳ್ಳಬೇಕು. ಇದನ್ನೆಲ್ಲ ಕೂರಿಸಿಕೊಂಡು ಹೇಳುವವರು ನಮ್ಮಲ್ಲಿ ಇಲ್ಲ. ಕೇರಳದವರು 1996ರಲ್ಲೇ ಪರದೇಶದ ಮಲಯಾಳಿಗಳಿಗೆಂದು ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ಮಾಡಿದರು. ಹೋದವರಿಗೂ ಮರಳಿದವರಿಗೂ ಕ್ಷೇಮನಿಧಿ, ಪಿಂಚಣಿ ಕೊಡಲು ಕಾನೂನನ್ನೇ ತಂದರು. ಗಡಿ ದಾಟಿದರೆ ಕಾಸರಗೋಡು. ಅಲ್ಲಿನವರಿಗೆ ಸಿಗುವುದು ನಮ್ಮ ಕುಂದಾಪುರದವರಿಗೂ ಸಿಗಬೇಡವೇ? ಕರಾವಳಿಯ ಮನೆ, ಶಾಲೆ, ದೇವಸ್ಥಾನ, ಮಸೀದಿ, ಇಗರ್ಜಿಗಳಲ್ಲಿ ಗಲ್ಫಿನ ಬೆವರಿದೆ. ರಾಜ್ಯ ಸರಕಾರ ಅಂಥದ್ದೊಂದು ಕ್ಷೇಮನಿಧಿಯನ್ನು ಮಾಡಲೇಬೇಕು.

ಸರಕಾರ ಮಾಡುವ ತನಕ ಕಾಯಲಾಗದು. ಇನ್ನೂ ಅಲ್ಲಿರುವ ತಮ್ಮಂದಿರಿಗೆ, ತಂಗಿಯರಿಗೆ ಹೇಳುತ್ತೇನೆ. ಮೈಯಲ್ಲಿ ಆರೋಗ್ಯ ಇರುವಾಗಲೇ ಊರಲ್ಲೊಂದು ವಿಮೆ ಮಾಡಿಸಿ. ಗ್ರಾಚ್ಯುಟಿಯನ್ನು ಮೂಲ ವೇತನದ ಮೇಲೆ ಈಗಲೇ ಲೆಕ್ಕ ಹಾಕಿ, ಹೆಂಡತಿಗೋ ಗಂಡನಿಗೋ ಆ ಅಂಕಿಯನ್ನು ಹೇಳಿ. ಮನೆಗೆ ಫೋನ್ ಮಾಡಿದಾಗ ಮಾಡಿನ ಸೋರಿಕೆಯನ್ನೂ ತೋಡಿನ ನೀರನ್ನೂ ಕೇಳಿ. ಮುಂದಿನ ಸಲ ರಜೆ ಬರೆಸುವಾಗ ಏಪ್ರಿಲ್ ಬೇಡ, ಮದುವೆಗಳು ನೀವಿಲ್ಲದೆಯೂ ನಡೆಯುತ್ತವೆ. ಜೂನಿಗೆ ಬರೆಸಿ.